ದಾರಿ ಹೇಳಿದ ದನಿ ನನ್ನದು

ವಸಂತಣ್ಣ ಆ ಮಧ್ಯಾಹ್ನ ಫೋನ್ ಮಾಡಿದ್ದರು. ಎತ್ತಿದವಳು ನಾನು. ಬೆಟ್ಟದ ಮೇಲೆ ಮಳೆಯಾಗುತ್ತಿದೆ, ಜನರನ್ನು ಇಲ್ಲಿಗೆ ಕಳಿಸಬೇಡ ಎಂದು ಅವರು ಹೇಳಿದ್ದನ್ನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಈಗಲೇ ಬದಲಾಯಿಸುತ್ತೇನೆ ಎಂದೆ. ಬದಲಾಯಿಸಲಿಲ್ಲ. ಸಂಜೆ ಹೊಳೆಯಲ್ಲಿ ನೀರು ಬಂತು, ವಸಂತಣ್ಣ ಕೊಚ್ಚಿಹೋದರು. ಅದಾದ ಮೇಲೆ ಅವರ ಹೆಂಡತಿ ಜಯಂತಕ್ಕ ನನ್ನನ್ನೇ ಕೇಳಿದರು. ನನಗೆ ಫೋನ್ ಬರಲಿಲ್ಲ ಎಂದೆ.

ಹೇಳಬೇಕಾದದ್ದು ಇಷ್ಟೇ. ಇದನ್ನು ಹೇಳಲು ಏಳು ವರ್ಷ ತೆಗೆದುಕೊಂಡೆ.

ಬರೆಯುವಾಗ ನಾನು ಅಳುತ್ತಿಲ್ಲ. ಅಳುತ್ತಿದ್ದೇನೆ ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತೇನೋ — ಆದರೆ ಅಳು ಬರುತ್ತಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಹಾಗಿದೆ. ಅಂದಿನಿಂದಲೂ ಹಾಗೇ.

ನನ್ನ ಹೆಸರು ಐರಿನ್. ಊರು ಶಿರ್ವ. ಮನೆಯಲ್ಲಿ ಕೊಂಕಣಿ, ಅಂಗಡಿಬೀದಿಯಲ್ಲಿ ತುಳು, ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ — ಹಾಗಾಗಿ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಎಂಬತ್ತರ ದಶಕದ ಕೊನೆಯಲ್ಲಿ ಮಸ್ಕತ್‌ಗೆ ಬಂದು ಖುರುಮ್‌ನ ಒಂದು ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆದೆ. ವಾಸ ವಾದಿ ಕಬೀರ್‌ನಲ್ಲಿ, ಮೂವರು ಹುಡುಗಿಯರ ಜೊತೆ ಒಂದು ಫ್ಲ್ಯಾಟ್. ಕೆಳಗಿನ ಮಹಡಿಯಲ್ಲಿ ವಸಂತಣ್ಣ, ಜಯಂತಕ್ಕ, ಅವರ ಪುಟ್ಟ ಮಗಳು ದೀಪ್ತಿ.

ವಸಂತಣ್ಣ ಮೂಲ್ಕಿಯವರು, ಎಲೆಕ್ಟ್ರಿಷಿಯನ್. ನಮ್ಮ ಕಟ್ಟಡದ ಹಿಂದೆ ಗ್ಯಾರೇಜುಗಳ ಸಾಲಿನಲ್ಲಿ ಅವರ ವರ್ಕ್‌ಶಾಪ್. ಹೋಟೆಲಿನ ಮದುವೆ, ಪಾರ್ಟಿಗಳಿಗೆ ಜನರೇಟರು, ಲೈಟು, ವೈರಿಂಗು ಎಲ್ಲ ಅವರೇ. ಒಮ್ಮೆ ನಮ್ಮ ಇಸ್ತ್ರಿ ಪೆಟ್ಟಿಗೆ ಕೆಟ್ಟಾಗ ಕೆಳಗೆ ಕೊಟ್ಟಿದ್ದೆವು. ಬಿಚ್ಚಿ ನೋಡಿ, “ಇದರಲ್ಲಿ ಇನ್ನು ಬಟ್ಟೆ ಆಗೂದಿಲ್ಲ ಮಾರಾಯ್ತಿ, ದೋಸೆ ಹೊಯ್ಲಿಕ್ಕೆ ಇಟ್ಕೊಳ್ಳಿ,” ಎಂದರು. ಮರುದಿನ ಹೊಸ ಕಾಯಿಲ್ ಹಾಕಿ, ಪಾಲಿಶ್ ಕೂಡ ಮಾಡಿ ಬಾಗಿಲ ಹತ್ತಿರ ಇಟ್ಟು ಹೋಗಿದ್ದರು. ಅವರು ಅಂಥವರು.

ಇನ್ನೊಬ್ಬ ಕೀತ್. ಅವನ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಇದು ಅರ್ಥವಾಗುವುದಿಲ್ಲ.

ಕೀತ್ ಲಂಡನ್ನಿನ ಪಕ್ಕದ ಎಸೆಕ್ಸ್‌ನವನು. ನಮ್ಮ ಹೋಟೆಲಿಗೆ ಸೌಂಡು-ಲೈಟಿನ ಉಸ್ತುವಾರಿಗೆ ಬಂದಿದ್ದ. ಇನ್ನೂ ಮೂವತ್ತು ತುಂಬಿರಲಿಲ್ಲ. ಬಿಸಿಲಿಗೆ ಸುಲಿದ ಮೂಗು, ಯಾವಾಗಲೂ ನಿದ್ದೆಗೆಟ್ಟವನಂಥ ಕಣ್ಣು. ಆಪರೇಟರ್ ರೂಮಿಗೆ ಮ್ಯಾನೇಜರುಗಳು ಬರುತ್ತಿರಲಿಲ್ಲವಾದ್ದರಿಂದ ಚಹಾ ಕುಡಿಯಲು ಅಲ್ಲಿಗೆ ಬಂದು ಕೂರುತ್ತಿದ್ದ. ಬಂದರೆ ಒಂದೇ ಮಾತು — ಎಂಬತ್ತೊಂಬತ್ತರ ಬೇಸಿಗೆ.

ಆ ಬೇಸಿಗೆಯಲ್ಲಿ ಅವನೂ ಅವನ ಗೆಳೆಯರೂ ಲಂಡನ್ನಿನ ಸುತ್ತಲಿನ ಹೊಲಗಳಲ್ಲಿ ‘ರೇವ್’ ನಡೆಸುತ್ತಿದ್ದರಂತೆ. ರಾತ್ರಿಯಿಡೀ ಕುಣಿತ. ಸಾವಿರಾರು ಜನ. ರೈತನಿಗೆ ಸಿನಿಮಾ ಶೂಟಿಂಗ್ ಎಂದು ಹೇಳಿ ಹೊಲ ಹಿಡಿಯುವುದು. ಬಣ್ಣಬಣ್ಣದ ಕಾರ್ಡು ಅಚ್ಚು ಹಾಕಿಸಿ ಊರೆಲ್ಲ ಹಂಚುವುದು. ಆದರೆ ಆ ಕಾರ್ಡಿನಲ್ಲಿ ಜಾಗದ ಹೆಸರು ಇರುತ್ತಿರಲಿಲ್ಲ. ದಿನ, ಮತ್ತು ಒಂದು ಫೋನ್ ನಂಬರು, ಅಷ್ಟೇ. ಜನ ಕಾರು ಹತ್ತಿ ಹೆದ್ದಾರಿಗೆ ಬಂದು, ಪೆಟ್ರೋಲ್ ಪಂಪಿನ ಫೋನ್ ಬೂತಿನೆದುರು ಸಾಲು ನಿಂತು ಆ ನಂಬರಿಗೆ ಫೋನ್ ಮಾಡಬೇಕು. ಟೇಪಿನಲ್ಲಿ ಒಂದು ದನಿ ದಾರಿ ಹೇಳುತ್ತದೆ. ಪೊಲೀಸರಿಗೆ ಜಾಗ ತಿಳಿಯುವ ಹೊತ್ತಿಗೆ ಹೊಲ ತುಂಬಿರುತ್ತದೆ. ಅಷ್ಟು ಜನರನ್ನು ಎಬ್ಬಿಸಲು ಯಾರಿಂದಲೂ ಆಗುವುದಿಲ್ಲ.

“ಹಾಡು ಯಾವುದು ಅನ್ನುವುದು ಮುಖ್ಯವಲ್ಲ ಐರಿನ್,” ಎನ್ನುತ್ತಿದ್ದ. “ಜನ ಫೋನ್ ಇಟ್ಟು, ಕಾರಿನ ಕಡೆ ಓಡುತ್ತಾರಲ್ಲ — ರೇವ್ ಶುರುವಾಗುವುದು ಅಲ್ಲಿ.”

ಮಂಜು ಮುಸುಕಿದ ಹೊಲದಲ್ಲಿ ಸೂರ್ಯ ಏಳುವಾಗ ಗುರುತಿಲ್ಲದವರು ಒಬ್ಬರನ್ನೊಬ್ಬರು ತಬ್ಬಿಕೊಂಡದ್ದನ್ನು ಹೇಳುವಾಗ ಅವನ ದನಿ ಬದಲಾಗುತ್ತಿತ್ತು. ಆಮೇಲೆ ಕಾನೂನು ಬಿಗಿಯಾಯಿತು, ಜೊತೆಗಾರರು ಚೆದುರಿದರು, ಇವನು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ. ಎರಡೇ ವರ್ಷದ ಹಿಂದಿನ ಸಂಗತಿಯನ್ನು ಅವನು ಮುದುಕರು ಯೌವನ ನೆನೆಸಿಕೊಳ್ಳುವ ಹಾಗೆ ನೆನೆಸಿಕೊಳ್ಳುತ್ತಿದ್ದ.

ಅವನ ಕ್ಯಾಸೆಟ್ ಒಂದನ್ನು ವಸಂತಣ್ಣನೂ ಕೇಳಿದ್ದರು. ಬಾಲ್‌ರೂಮಿನಲ್ಲಿ ವೈರ್ ಎಳೆಯುತ್ತಿದ್ದವರು ಎದ್ದು ನಿಂತು, “ಇದರಲ್ಲಿ ಹಾಡು ಎಲ್ಲಿ ಉಂಟು? ನಮ್ಮೂರಿನ ಪಂಪ್‌ಸೆಟ್ ಶಬ್ದ ಇದು!” ಎಂದಿದ್ದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕೀತ್ ಬಿದ್ದು ಬಿದ್ದು ನಕ್ಕ. ಅವರಿಬ್ಬರಿಗೆ ದೋಸ್ತಿಯಾದದ್ದು ಹಾಗೆ. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಕೆಲಸ ನಡೆಯುತ್ತಿತ್ತು.

ಮಸ್ಕತ್‌ನಲ್ಲೂ ಒಂದು ನಡೆಸಬೇಕೆಂಬ ಹುಚ್ಚು ಕೀತ್‌ಗೆ. ಆಯಿಲ್ ಕಂಪನಿಯ ಇಂಗ್ಲಿಷರು, ಡಚ್ಚರು, ವಿಮಾನದ ಸಿಬ್ಬಂದಿ, ಶಾಲೆಯ ಟೀಚರುಗಳು, ನರ್ಸುಗಳು — ನೂರಾರು ಜನ ಬಂದಾರು ಎಂದ. ಅನುಮತಿ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಊರಿಂದ ದೂರ, ನಿಜ್ವಾ ರಸ್ತೆಯಿಂದ ಒಳಗೆ ಒಂದು ವಾದಿ, ಅಂದರೆ ಬೆಟ್ಟಗಳ ನಡುವಿನ ಒಣಗಿದ ಹೊಳೆ. ಎರಡೂ ಬದಿ ಗೋಡೆಯಂಥ ಬಂಡೆ, ನಡುವೆ ಮೈದಾನದಷ್ಟು ಅಗಲದ ಜಲ್ಲಿನೆಲ. ಜಾಗ ತೋರಿಸಿದವರು ವಸಂತಣ್ಣ. ಒಮ್ಮೆ ಪಿಕ್ನಿಕ್‌ಗೆ ಹೋಗಿದ್ದರು. ತೋರಿಸುವಾಗಲೇ ಹೇಳಿದ್ದರು, ಮೋಡ ಇದ್ದರೆ ಇಲ್ಲಿ ಬೇಡ ಎಂದು. ಅದನ್ನು ಕೀತ್‌ಗೆ ಇಂಗ್ಲಿಷಿನಲ್ಲಿ ಹೇಳಿದವಳೂ ನಾನೇ. ಫೆಬ್ರುವರಿಯ ಆಕಾಶ ನೋಡಿ ಅವನು ನಕ್ಕ, ನಾನೂ ನಕ್ಕೆ.

ಕಾರ್ಡು ಅಚ್ಚಾಯಿತು. ಹಳದಿ ಬಣ್ಣ, ಗುರುವಾರದ ಸಂಜೆ, ಒಂದು ನಂಬರು. ಹೋಟೆಲಿನಲ್ಲಿ ಯಾರೂ ಬಳಸದ ಒಂದು ಲೈನನ್ನು ನನ್ನ ರೂಮಿನಲ್ಲಿದ್ದ ಆನ್ಸರಿಂಗ್ ಮಶೀನಿಗೆ ಜೋಡಿಸಿದ ಕೀತ್, ಮೈಕು ನನ್ನ ಕಡೆ ತಿರುಗಿಸಿದ. “ನೀನು ಹೇಳು. ನೀನು ಎಡಕ್ಕೆ ಎಂದರೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ.”

ಹೇಳಿದೆ. ಪೆಟ್ರೋಲ್ ಪಂಪ್ ದಾಟಿ, ಡಾಂಬರು ಬಿಟ್ಟು, ಬಿಳಿ ಬಣ್ಣ ಬಳಿದ ಡ್ರಮ್ಮಿನ ಹತ್ತಿರ ಎಡಕ್ಕೆ ತಿರುಗಿ, ಕೆಳಗಿಳಿಯಿರಿ, ಲಾಟೀನುಗಳ ಸಾಲು ಹಿಡಿದು ಬನ್ನಿ — ಹೀಗೆ. ಎರಡು ಸಲ ಅಭ್ಯಾಸ ಮಾಡಿ ಮೂರನೆಯ ಸಲ ರೆಕಾರ್ಡ್ ಮಾಡಿದೆವು.

ಗುರುವಾರ ಮಧ್ಯಾಹ್ನ ಮಶೀನು ಶುರುವಾಯಿತು. ಪ್ರತಿ ಸಲ ಯಾರಾದರೂ ಫೋನ್ ಮಾಡಿದಾಗ ಅದರ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿತ್ತು. ಮೊದಮೊದಲು ಅಪರೂಪಕ್ಕೆ. ಆಮೇಲೆ ಆರುವುದೇ ಇಲ್ಲ ಎನ್ನುವ ಹಾಗೆ.

ಇಲ್ಲಿ ಒಂದು ವಿಷಯ ಹೇಳಬೇಕು. ಇದನ್ನು ಜಯಂತಕ್ಕನಿಗೂ ಹೇಳಲು ನನ್ನಿಂದ ಆಗಲಿಲ್ಲ. ಆ ದೀಪ ನೋಡುತ್ತ ನನಗೆ — ಖುಷಿಯಾಗುತ್ತಿತ್ತು. ಖುಷಿ ಅಲ್ಲ, ಅದಕ್ಕಿಂತ ಹೆಚ್ಚಿನದು. ಅಲ್ಲಿಯವರೆಗೆ ನನ್ನ ಕೆಲಸವೆಂದರೆ ಬೇರೆಯವರನ್ನು ಬೇರೆಯವರಿಗೆ ಜೋಡಿಸಿ ಮರೆಯಾಗುವುದು. ನನ್ನ ಮುಖ ನೋಡಿ ಮಾತಾಡದ ಜನ, ಲಿಫ್ಟಿನಲ್ಲಿ ಪಕ್ಕದಲ್ಲಿದ್ದರೂ ಕಾಣದ ಜನ, ಈಗ ನಾನು ತಿರುಗಿ ಎಂದಲ್ಲಿ ತಿರುಗುತ್ತಾರೆ. ನಾನು ಇಳಿಯಿರಿ ಎಂದಲ್ಲಿ ಇಳಿಯುತ್ತಾರೆ. ಆ ಮಿನುಗುವ ದೀಪದಲ್ಲಿ ಒಂದೊಂದು ಕಾರು ಕಾಣುತ್ತಿತ್ತು ನನಗೆ.

ಆಗ ಬೋರ್ಡಿನ ಮೇಲೆ ಹೊರಗಿನ ಒಂದು ಕರೆ ಬಂತು. ವಸಂತಣ್ಣ.

ಬೆಳಿಗ್ಗೆಯೇ ಪಿಕಪ್‌ನಲ್ಲಿ ಜನರೇಟರು ಹೇರಿಕೊಂಡು ಹೋಗಿದ್ದರು. ಹೆದ್ದಾರಿಯ ಬದಿಯ ಒಂದು ಕೋಲ್ಡ್ ಸ್ಟೋರಿನಿಂದ, ಅಂದರೆ ಕಿರಾಣಿ ಅಂಗಡಿಯಿಂದ, ಮಾತಾಡುತ್ತಿದ್ದರು. ಹಿಂದೆ ಅಂಗಡಿಯವನು ಮಲಯಾಳದಲ್ಲಿ ಯಾರ ಜೊತೆಗೋ ಜಗಳವಾಡುವುದು ಕೇಳುತ್ತಿತ್ತು. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಹೀಗೆ:

“ಐರಿನ್, ಕೇಳು. ಇಲ್ಲಿ ಆಡು ಮೇಯಿಸುವ ಒಬ್ರು ಅಜ್ಜ ಬಂದು ಹೇಳಿದ್ರು. ಮೇಲೆ ಜಬಲ್‌ನಲ್ಲಿ ಜೋರು ಮಳೆಯಂತೆ. ಯಲ್ಲಾ ಹೊರಡು, ಹೊರಡು ಅಂತ ನನ್ನ ಕೈ ಹಿಡಿದು ಎಳೆದ್ರು. ನಂಗೂ ಕಾಣ್ತದೆ, ಬೆಟ್ಟದ ತಲೆ ಕಪ್ಪಾಗಿದೆ.”

“ಇಲ್ಲಿ ಬಿಸಿಲುಂಟು ವಸಂತಣ್ಣ.”

“ಅಲ್ಲಿದ್ದರೆ ಎಂತ? ನೀರು ಬರೂದು ಮೇಲಿಂದ. ನೀನು ಕೀತ್‌ಗೆ ಹೇಳು, ಕೆಳಗೆ ಬೇಡ. ರಸ್ತೆ ಬದಿಯಲ್ಲಿ ಎತ್ತರದ ಜಾಗ ಉಂಟು, ಅಲ್ಲೇ ನಿಲ್ಲಿಸಿದರೆ ಆಯ್ತು. ಆ ಟೇಪೂ ಬದಲು ಮಾಡು. ಮಾಡ್ತಿ ಅಲ್ವಾ?”

“ಈಗಲೇ ಮಾಡ್ತೇನೆ.”

“ಹಾಗಾದ್ರೆ ನಾನು ಜನರೇಟರ್ ಮೇಲೆ ತರ್ತೇನೆ. ಖಲಾಸ್, ಇಡ್ತೇನೆ.”

ಇಟ್ಟರು.

ಕೀತ್ ಆಗ ಬಾಲ್‌ರೂಮಿನಲ್ಲಿ ಸ್ಪೀಕರು ಕಟ್ಟಿಸುತ್ತಿದ್ದ. ಅವನಿಗೆ ಹೇಳಲು ನಾನು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಟೇಪು ಬದಲಿಸಲು ಒಂದು ನಿಮಿಷ. ನಾನು ಕೈ ಚಾಚಿದ್ದೂ ಹೌದು. ಆಗ ದೀಪ ಮತ್ತೆ ಮಿನುಗಿತು — ಯಾರೋ ಆಗಲೇ ಕೇಳುತ್ತಿದ್ದಾರೆ, ಅರ್ಧದಲ್ಲಿ ನಿಲ್ಲಿಸುವುದು ಹೇಗೆ ಎಂದುಕೊಂಡೆ. ಅವರು ಮುಗಿಸಲಿ ಎಂದುಕೊಂಡೆ. ಮುಗಿಸಿದರು. ಇನ್ನೊಬ್ಬರು ಬಂದರು. ಎಷ್ಟೋ ಮಂದಿ ಮೊದಲೇ ಹೊರಟಾಗಿದೆ; ಒಬ್ಬರಿಗೆ ಒಂದು ದಾರಿ, ಇನ್ನೊಬ್ಬರಿಗೆ ಇನ್ನೊಂದು ದಾರಿ ಹೇಳಿದರೆ ಎಲ್ಲ ಹಾಳಾಗುತ್ತದೆ. ಜಾಗ ಬದಲಾಯಿತೆಂದು ಒಮ್ಮೆ ಸುದ್ದಿ ಹಬ್ಬಿದರೆ ರೇವ್ ಸತ್ತಂತೆ ಎಂದು ಕೀತ್ ಹೇಳಿದ್ದ. ಕಿಟಕಿಯ ಹೊರಗೆ ಸಮುದ್ರ ತಣ್ಣಗೆ ನೀಲಿಯಾಗಿತ್ತು. ಆಡಿನ ಅಜ್ಜ ಏನೋ ಹೇಳಿರಬೇಕು, ವಸಂತಣ್ಣ ಹೆದರಿಕೆಯ ಮನುಷ್ಯ ಎಂದುಕೊಂಡೆ. ಅವರು ಹೆದರಿಕೆಯ ಮನುಷ್ಯ ಅಲ್ಲವೆಂದು ನನಗೆ ಗೊತ್ತಿತ್ತು.

ಇವೆಲ್ಲ ಕಾರಣಗಳಲ್ಲ. ಆ ಹೊತ್ತಿಗೆ ಮನಸ್ಸಿನಲ್ಲಿ ಹಾದು ಹೋದವು, ಅಷ್ಟೇ. ನಿಜ ಏನೆಂದರೆ, ಅದು ನಿಲ್ಲುವುದು ನನಗೆ ಬೇಡವಾಗಿತ್ತು.

ಕೀತ್ ಲಾರಿಯೊಂದಿಗೆ ಹೊರಡುವ ಮುನ್ನ ನನ್ನ ರೂಮಿಗೆ ಇಣುಕಿ, “ಎಲ್ಲಾ ಸರಿಯಾ?” ಎಂದು ಕೇಳಿದ. ಸರಿ ಎಂದೆ.

ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆದ ಸ್ವಲ್ಪ ಹೊತ್ತಿಗೆ ಹೋಟೆಲಿನ ನಂಬರಿಗೆ ಒಂದು ಕರೆ. ಹೆಂಗಸಿನ ದನಿ, ಇಂಗ್ಲಿಷ್. ತಾನು ನರ್ಸ್, ಕೀತ್‌ನ ಪರಿಚಯದವಳು, ಪೆಟ್ರೋಲ್ ಪಂಪಿನಿಂದ ಮಾತಾಡುತ್ತಿದ್ದೇನೆ ಎಂದಳು. ವಾದಿಯಲ್ಲಿ ನೀರು ಬಂದಿದೆ, ಒಬ್ಬ ಮನುಷ್ಯ ಕೊಚ್ಚಿಹೋದ, ಪೊಲೀಸರು ಬಂದಿದ್ದಾರೆ. ಆಮೇಲೆ ಅಂದಳು — “ನಿಮ್ಮ ಮಶೀನು ಇನ್ನೂ ಜನರಿಗೆ ಅಲ್ಲಿಗೇ ಹೋಗಿ ಅಂತಿದೆ. ದಮ್ಮಯ್ಯ, ಅದನ್ನು ನಿಲ್ಲಿಸಿ.”

ಆಗ ನಿಲ್ಲಿಸಿದೆ. ಪ್ಲಗ್ಗು ಕಿತ್ತೆ. ದೀಪ ಆರಿತು.

ಏನಾಯಿತೆಂದು ಆಮೇಲೆ ತಿಳಿಯಿತು. ವಸಂತಣ್ಣ ಜನರೇಟರನ್ನು ಮೇಲೆ ತಂದಿಟ್ಟಿದ್ದರು. ಎತ್ತರದ ಜಾಗದಲ್ಲಿ ಲೈಟು ಕೂಡ ಕಟ್ಟಿದ್ದರು. ಕಾರುಗಳು ಅಲ್ಲಿಗೇ ಬರುತ್ತವೆಂದು ಕಾದಿರಬೇಕು. ಕೀತ್‌ನ ಲಾರಿ ಇನ್ನೂ ದಾರಿಯಲ್ಲಿತ್ತು. ಆದರೆ ಕಾರುಗಳು ಬಿಳಿ ಡ್ರಮ್ಮಿನ ಹತ್ತಿರ ಎಡಕ್ಕೆ ತಿರುಗಿ ಒಂದರ ಹಿಂದೆ ಒಂದು ಕೆಳಗಿಳಿಯುತ್ತಿದ್ದವು. ಅದನ್ನು ಕಂಡು ಅವರು ಪಿಕಪ್ ಓಡಿಸಿಕೊಂಡು ಕೆಳಗಿಳಿದರು. ಟಾರ್ಚು ಬೀಸುತ್ತ, ಬಾನೆಟ್ಟುಗಳ ಮೇಲೆ ಬಡಿಯುತ್ತ, ತನಗೆ ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಕೂಗುತ್ತ ಒಂದೊಂದೇ ಕಾರನ್ನು ತಿರುಗಿಸಿದರು. ಕೆಲವರು ಅವರನ್ನು ಪಾರ್ಕಿಂಗ್ ತೋರಿಸುವವನು ಎಂದುಕೊಂಡರಂತೆ. ಕೊನೆಯ ಕಾರು ಏರು ಹತ್ತುವಾಗ ನೀರು ಬಂತು. ಮರುದಿನ ಬಹಳ ಕೆಳಗೆ, ಖರ್ಜೂರದ ತೋಟವೊಂದರ ಗೋಡೆಯ ಹತ್ತಿರ ಅವರು ಸಿಕ್ಕಿದರು. ಬಂದವರಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ.

ಕೀತ್‌ನನ್ನು ಪೊಲೀಸರು ಕರೆಸಿಕೊಂಡರು. ತನಗೆ ಯಾರೂ ಮಳೆಯ ವಿಷಯ ಹೇಳಲಿಲ್ಲ ಎಂದ. ಅವನ ಪಾಲಿಗೆ ಅದು ನಿಜವೇ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆಪರೇಟರನ್ನು ಯಾರು ಕೇಳುತ್ತಾರೆ.

ಜಯಂತಕ್ಕನ ಮನೆ ತುಂಬ ಹೆಂಗಸರು. ನಾನು ಚಹಾ ಮಾಡಿ ಕೊಡುತ್ತಿದ್ದೆ, ದೀಪ್ತಿಗೆ ಉಣಿಸುತ್ತಿದ್ದೆ. ಎಲ್ಲ ಕೆಲಸ ಸರಿಯಾಗಿ ಮಾಡಿದೆ, ಒಂದು ಲೋಟ ಕೂಡ ಕೈ ಜಾರಲಿಲ್ಲ. ಆ ಕೋಲ್ಡ್ ಸ್ಟೋರಿನ ಮಲಯಾಳಿ, ವಸಂತಣ್ಣ ಮಧ್ಯಾಹ್ನ ತನ್ನ ಅಂಗಡಿಯಿಂದ ಯಾರಿಗೋ ಫೋನ್ ಮಾಡಿದ್ದರೆಂದು ಪೊಲೀಸರಿಗೆ ಹೇಳಿದ್ದನಂತೆ. ಯಾರಿಗೆ ಎಂದು ಅವನಿಗೆ ಗೊತ್ತಿಲ್ಲ. ಜಯಂತಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು.

“ಐರಿನ್, ಅವರು ಫೋನ್ ಮಾಡಿದ್ರಂತೆ. ನಿಂಗೆ ಬಂದಿತ್ತಾ?”

ಅವರು ನನ್ನ ಎರಡೂ ಕೈ ಹಿಡಿದುಕೊಂಡಿದ್ದರು. ಹೌದು ಎನ್ನಲಿ ಎಂದು ಬೇಡುವಂತಿತ್ತು ಅವರ ಮುಖ — ಅವರಿಗೆ ಬೇಕಾಗಿದ್ದುದು ಯಾರನ್ನೋ ಹಿಡಿಯುವುದಲ್ಲ, ತನ್ನ ಗಂಡ ಹೇಳಿದ್ದರು ಎನ್ನುವುದು, ಅಷ್ಟೇ.

“ಇಲ್ಲ ಅಕ್ಕ. ನಂಗೆ ಬರ್ಲಿಲ್ಲ.”

ಅವರು ನನ್ನ ಕೈ ಬಿಟ್ಟರು.

ಆ ಒಂದು ಮಾತಿನಿಂದ ಉಳಿದದ್ದೆಲ್ಲ ಆಯಿತು. ನನಗಲ್ಲದಿದ್ದರೆ ಮತ್ತೆ ಯಾರಿಗೆ ಫೋನ್ ಮಾಡಿದ್ದು? ಜನ ತಾವೇ ಉತ್ತರ ಹುಡುಕಿಕೊಂಡರು. ಬಾಟಲಿ ತರಿಸಲು ಯಾರೋ ದೋಸ್ತನಿಗೆ ಮಾಡಿರಬೇಕು ಎಂದರು. ಕುಡಿದಿದ್ದನಂತೆ ಎಂದರು. ಜಾಗ ತೋರಿಸಿದವನೇ ಅವನು, ಮೋಡ ಕಂಡರೂ ಬಾಯಿಬಿಡಲಿಲ್ಲ, ಕೊನೆಗೆ ಗಾಬರಿಬಿದ್ದು ನೀರಿಗೆ ಹೋದ ಎಂದರು. ಮಸ್ಕತ್‌ನ ರೂವಿ ಪೇಟೆಯಲ್ಲಿ ನಮ್ಮವರು ಸೇರಿದಲ್ಲೆಲ್ಲ ಇದೇ ಮಾತು. ವಸಂತಣ್ಣ ಕುಡಿಯುತ್ತಿರಲಿಲ್ಲ. ಈ ಮಾತು ಮೂಲ್ಕಿಗೂ ತಲುಪಿತು. ಶವದ ಜೊತೆ ಊರಿಗೆ ಹೋದ ಜಯಂತಕ್ಕನಿಗೆ ಗಂಡನ ತಾಯಿ, “ನನ್ನ ಮಗ ಕುಡಿಯಲು ಕಲಿತದ್ದು ನಿನಗೆ ಗೊತ್ತಿರಲಿಲ್ಲವಾ?” ಎಂದು ಕೇಳಿದರಂತೆ.

ನಾನು ಇದನ್ನೆಲ್ಲ ಕೇಳಿಸಿಕೊಂಡೆ. ಸುಮ್ಮನಿದ್ದೆ.

ಈಸ್ಟರಿನ ಮೊದಲು ಕುಮ್ಸಾರಿಗೆ ಹೋದೆ — ನಮ್ಮ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವುದು. ಮೊಣಕಾಲೂರಿ, ಸುಳ್ಳು ಹೇಳಿದ್ದೇನೆ ಫಾದರ್ ಎಂದೆ. ಎಷ್ಟು ಸಲ ಎಂದು ಕೇಳಿದರು. ಒಂದು ಸಲ ಎಂದೆ. ಅವರು ಪ್ರಾರ್ಥನೆ ಕೊಟ್ಟರು, ಹೇಳಿದೆ, ಎದ್ದು ಬಂದೆ. ಹೊರಗೆ ಮೆಟ್ಟಿಲ ಮೇಲೆ ಯಾರೋ ಕೇಕು ಹಂಚುತ್ತಿದ್ದರು. ತಿಂದೆ.

ಕೀತ್‌ನನ್ನು ಅವನಿಗೆ ವೀಸಾ ಕೊಟ್ಟಿದ್ದ ಕಫೀಲ್ ಕೆಲವೇ ವಾರಗಳಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಜಯಂತಕ್ಕ ಮರಳಿ ಬಂದರು. ವರ್ಕ್‌ಶಾಪಿನ ಒಮಾನಿ ಯಜಮಾನರು ಒಳ್ಳೆಯವರು, ಅವರಿವರಲ್ಲಿ ಹೇಳಿ ಒಂದು ಶಾಲೆಯಲ್ಲಿ ಆಯಾ ಕೆಲಸ ಕೊಡಿಸಿದ್ದರು. ದೀಪ್ತಿ ದೊಡ್ಡವಳಾದಳು. ಪ್ರತಿ ಹುಟ್ಟುಹಬ್ಬಕ್ಕೆ ನಾನು ಕೇಕು ತೆಗೆದುಕೊಂಡು ಹೋದೆ. ಅವಳಿಗೆ ಸೈಕಲ್ ಕಲಿಸಿದೆ, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದೆ. ಜಯಂತಕ್ಕ ಎಲ್ಲರಿಗೂ, ಐರಿನ್ ನನಗೆ ತಂಗಿಗಿಂತ ಹೆಚ್ಚು ಎನ್ನುತ್ತಿದ್ದರು. ಅದು ಕೇಳುವಾಗಲೂ ಏನೂ ಅನಿಸುತ್ತಿರಲಿಲ್ಲ. ಒಮ್ಮೆ ಮಾತ್ರ, ದೀಪ್ತಿ ಶಾಲೆಯಿಂದ ಬಂದು ಚೀಲ ಎಸೆದು, “ನನ್ನಪ್ಪ ಈಡಿಯಟ್ ಅಂತ ರೋಶನ್ ಹೇಳಿದ. ಹೌದಾ?” ಎಂದಾಗ — ಜಯಂತಕ್ಕ ಅಕ್ಕಿ ಆರಿಸುತ್ತಲೇ ಇದ್ದಾಗ — ನಾನು ಎದ್ದು ಮನೆಗೆ ಬಂದೆ. ಮುಂದಿನ ವಾರ ಮತ್ತೆ ಹೋದೆ.

ಈ ವರ್ಷ ಕೀತ್ ಫೋನ್ ಮಾಡಿದ. ನಾನೀಗ ಅದೇ ಹೋಟೆಲಿನಲ್ಲಿ ಟೆಲಿಫೋನ್ ಸೂಪರ್‌ವೈಸರ್. ನನ್ನನ್ನು ಹುಡುಕಲು ಅವನಿಗೆ ಕಷ್ಟವಾಗಿರಲಿಲ್ಲ. ಆ ಬೇಸಿಗೆಗೆ ಹತ್ತು ವರ್ಷ ತುಂಬಿತು ಎಂದ. ಹಳಬರೆಲ್ಲ ಒಂದು ಹಾಲ್‌ನಲ್ಲಿ ಸೇರುತ್ತಾರಂತೆ. ಹಳೆಯ ಕಾರ್ಡು, ಫೋಟೊ, ನೆನಪುಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ. ಅದರಲ್ಲಿ ಮಸ್ಕತ್‌ಗೂ ಒಂದು ಪುಟ. ಫೋನಿನಲ್ಲೇ ಓದಿ ಹೇಳಿದ. ಚೆನ್ನಾಗಿ ಬರೆದಿದ್ದ — ಮರುಭೂಮಿ, ಬಂಡೆಗಳು, ಹಳದಿ ಕಾರ್ಡು, ಶುರುವಾಗುವ ಮೊದಲೇ ಹೊಳೆ ಬಂದು ಮುಗಿಸಿದ ರೇವ್. ನಡುವೆ ಒಂದು ಸಾಲು: ನಮ್ಮ ಎಲೆಕ್ಟ್ರಿಷಿಯನ್‌ಗೆ ಮಳೆಯ ಸುಳಿವು ಸಿಕ್ಕಿತ್ತು, ಪಾಪ, ಯಾರಿಗೂ ಹೇಳದೆ ಉಳಿದ.

“ಹೇಗಿದೆ?” ಎಂದ.

“ಚೆನ್ನಾಗಿದೆ ಕೀತ್,” ಎಂದೆ.

ಎರಡನೆಯ ಸಲ ಅದೇ ಕೆಲಸ ಮಾಡಿದ್ದೆ. ಈ ಸಲ ಗಾಬರಿಯಿಲ್ಲ, ಅವಸರವಿಲ್ಲ, ಯಾರೂ ನನ್ನ ಕೈ ಹಿಡಿದಿರಲಿಲ್ಲ. ನನ್ನ ಸುಳ್ಳು ಅಚ್ಚಾಗಿ ಪುಸ್ತಕವಾಗಿ ಉಳಿಯುತ್ತದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಜಯಂತಕ್ಕನ ಮನೆಗೆ ಹೋದೆ. ಅವರು ನೀರುದೋಸೆ ಮಾಡುತ್ತಿದ್ದರು. ಕುಳಿತುಕೋ ಎಂದರು. ನಿಂತೇ ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಯಾವುದನ್ನೂ ಬಿಡದೆ — ಇಲ್ಲ, ಆ ದೀಪದ ವಿಷಯ ಬಿಟ್ಟು. ಹೇಳುವಾಗ ನನ್ನ ದನಿ ಸ್ವಲ್ಪವೂ ಅಲುಗಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಯಿತು.

ಕಾವಲಿಯ ಮೇಲಿನ ದೋಸೆ ಸುಟ್ಟು ಹೊಗೆ ಬಂತು. ಜಯಂತಕ್ಕ ಗ್ಯಾಸ್ ಆರಿಸಿದರು. ಸುಟ್ಟದ್ದನ್ನು ಕೆರೆದು ತೆಗೆದರು. ಆಮೇಲೆ ಕೇಳಿದರು.

“ಅವರು ಹೇಳಿದ್ರಾ? ನಿಜವಾಗಿ ಹೇಳಿದ್ರಾ?”

“ಹೇಳಿದ್ರು ಅಕ್ಕ.”

“ಜನರನ್ನು ಕಳಿಸ್ಬೇಡ ಅಂತ?”

“ಹೌದು.”

ಅವರು ಗೋಡೆಗೆ ಒರಗಿ ಕೆಳಗೆ ಕೂತರು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನಾನು ಮುಟ್ಟಲಿಲ್ಲ, ಮುಟ್ಟುವ ಹಕ್ಕು ನನಗಿರಲಿಲ್ಲ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು, ಬೈಯದೆ, ದನಿ ಏರಿಸದೆ ಹೇಳಿದರು:

“ಏಳು ವರ್ಷ ನಾನು ಅವರಿಗೆ ಬೈದೆ ಐರಿನ್. ಫೋಟೊದ ಎದುರು ನಿಂತು ದಿನಾ ಬೈದೆ. ಹೇಳ್ಬಾರ್ದಿತ್ತಾ ನೀವು, ಒಂದು ಮಾತು ಹೇಳ್ಬಾರ್ದಿತ್ತಾ ಅಂತ.”

ಅಷ್ಟರಲ್ಲಿ ದೀಪ್ತಿ ಟ್ಯೂಶನ್ ಮುಗಿಸಿ ಬಂದಳು. ಹನ್ನೆರಡು ವರ್ಷ ಈಗ, ಅಪ್ಪನ ಹಾಗೆ ಅಗಲ ಹಣೆ. ಇಬ್ಬರ ಮುಖ ನೋಡಿ ನಿಂತಳು. ಜಯಂತಕ್ಕ ನನ್ನ ಕಡೆ ನೋಡದೆ, “ಅವಳಿಗೂ ನೀನೇ ಹೇಳು,” ಎಂದರು.

ಹೇಳಿದೆ. ಅವಳು ಅಳಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ಕೇಳಿಸಿಕೊಂಡಳು. “ಸೋ ಹೀ ಕಾಲ್ಡ್,” ಎಂದಳು ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ. ಆಮೇಲೆ ನನ್ನನ್ನೇ ನೋಡಿ ಕೇಳಿದಳು:

“ಮತ್ತೆ ಆಂಟಿ, ನೀವು ನನ್ನ ಬರ್ತ್‌ಡೇಗೆ ಯಾಕೆ ಬರ್ತಿದ್ರಿ?”

ಪ್ರೀತಿಗೆ ಎಂದರೆ ಸುಳ್ಳು, ಭಯಕ್ಕೆ ಎಂದರೂ ಪೂರ್ತಿ ನಿಜವಲ್ಲ. ಅವಳು ಕಾದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಚಪ್ಪಲಿ ಮೆಟ್ಟುವಾಗ ಜಯಂತಕ್ಕ ಹಿಂದಿನಿಂದ ಅಂದರು, “ನನಗೆ ಹೇಳಿ ಮುಗಿಸಿದೆ ಅಂತ ತಿಳ್ಕೊಳ್ಬೇಡ. ನಾನು ಯಾರ ಬಾಯಿಂದೆಲ್ಲ ಕೇಳಿದ್ದೇನೋ, ಅವರಿಗೆಲ್ಲ ಗೊತ್ತಾಗ್ಬೇಕು.” ಮತ್ತೆ ಬಾ ಎಂದು ಅವರು ಹೇಳಲಿಲ್ಲ. ನಾನೂ ಹೋಗಿಲ್ಲ.

ಅದೇ ದಿನ ಕೀತ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. “ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಐರಿನ್, ನಾನು ಅಲ್ಲೇ ಬಾಲ್‌ರೂಮಿನಲ್ಲಿದ್ದೆ,” ಎಂದ. ಹೌದು ಎಂದೆ. ಆ ಸಾಲನ್ನು ಸರಿಪಡಿಸಿ, ಅವರು ಎಚ್ಚರಿಸಿದ್ದರು, ಆ ಮಾತನ್ನು ನಾನು ತಡೆಹಿಡಿದೆ ಎಂದು ಬರೆ ಎಂದೆ. ಯೋಚಿಸುತ್ತೇನೆ ಎಂದ. ಎರಡು ವಾರದ ನಂತರ ಅವನೇ ಹೇಳಿದ — ಆ ಪುಟವನ್ನೇ ತೆಗೆದಿದ್ದಾರಂತೆ. ಜನ ಬರುವುದು ಒಳ್ಳೆಯದನ್ನು ನೆನೆಯಲು, ಇಂಥದ್ದು ಬೇಡ ಎಂದು ಉಳಿದವರು ಹೇಳಿದರಂತೆ. ಹಾಗಾಗಿ ಅವರ ನೆನಪಿನಲ್ಲಿ ಈಗ ವಸಂತಣ್ಣ ಕೆಟ್ಟವರೂ ಅಲ್ಲ, ಒಳ್ಳೆಯವರೂ ಅಲ್ಲ. ಇಲ್ಲವೇ ಇಲ್ಲ.

ಆದ್ದರಿಂದ ಇದನ್ನು ಬರೆದೆ. ರೂವಿಯಲ್ಲಿ, ವಾದಿ ಕಬೀರ್‌ನಲ್ಲಿ, ಸೊಹಾರ್‌ನಲ್ಲಿ ಆ ಮಾತು ಆಡಿದವರು ಇನ್ನೂ ಇದ್ದಾರೆ. ಅವರಲ್ಲಿ ಕೆಲವರು ನನ್ನ ಮನೆಯಲ್ಲಿ ಊಟ ಮಾಡಿದವರು. ಅವರು ಆಡಿದ ಮಾತಿಗೆ ಬೇರು ಕೊಟ್ಟವಳು ನಾನು. ಕ್ಷಮಿಸಿ ಎಂದು ಕೇಳುತ್ತಿಲ್ಲ. ವಸಂತಣ್ಣ ಕುಡಿದಿರಲಿಲ್ಲ, ಮರೆತಿರಲಿಲ್ಲ, ಹೆದರಿರಲಿಲ್ಲ. ಇಷ್ಟು ತಿಳಿದುಕೊಳ್ಳಿ.

ಬರುವ ತಿಂಗಳು ನನಗೆ ರಜೆ. ಶಿರ್ವಕ್ಕೆ ಹೋಗುವ ಮೊದಲು ಮೂಲ್ಕಿಯಲ್ಲಿ ಇಳಿಯುತ್ತೇನೆ. ವಸಂತಣ್ಣನ ತಾಯಿ ಅಲ್ಲಿ ಮಗಳ ಮನೆಯಲ್ಲಿದ್ದಾರೆ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆಯಂತೆ. ಅವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲವೆಂದು ಕೇಳಿದ್ದೇನೆ. ಜೋರಾಗಿ ಹೇಳಬೇಕಾಗುತ್ತದೆ — ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನಿಂತು ಕೇಳುವಷ್ಟು ಜೋರಾಗಿ.